ಉಸ್ತಾದರು ಹಾಕಲೊಲ್ಲದ ಪಿನ್ನು

ಸತ್ತವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು ಅನ್ನುತ್ತಾರೆ. ಸರಿ, ಒಪ್ಪಿದೆ. ಆದರೆ ಆ ಒಳ್ಳೆಯದನ್ನು ಯಾರು ಮಾತಾಡಬೇಕು ಅನ್ನುವುದಕ್ಕೆ ಒಂದಿಷ್ಟು ನಾಚಿಕೆ ಬೇಡವೇ? ಹೋದ ತಿಂಗಳು ಫ್ರೇಜರ್ ಟೌನಿನ ಒಂದು ಸಣ್ಣ ಸಭಾಂಗಣದಲ್ಲಿ ಬಂದೂಕು ರಿಪೇರಿಯ ಉಸ್ತಾದರಿಗೆ ಸಂತಾಪ ಸಭೆ ಇಟ್ಟಿದ್ದರು. ಇಟ್ಟವರು ಯಾರು ಅಂತೀರಿ? ಮೂವತ್ತು ವರ್ಷಕ್ಕೂ ಮೀರಿ ಅವರನ್ನು ದುಡಿಸಿಕೊಂಡು, ಕೊನೆಗೆ ಒಂದು ಮಧ್ಯಾಹ್ನ "ನಾಳೆಯಿಂದ ಬರಬೇಡಿ" ಎಂದು ಕಳಿಸಿದ ಬಂದೂಕಿನಂಗಡಿಯ ಮಾಲೀಕರು! ಅವರೇ ಮೈಕು ಹಿಡಿದು, "ಉಸ್ತಾದ್ ನಮ್ಮ ಅಂಗಡಿಯ ಕಣ್ಣಾಗಿದ್ದರು" ಎಂದು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನನಗೆ ಪಿತ್ತ ನೆತ್ತಿಗೇರಿತು. ಪಕ್ಕದಲ್ಲಿ ಕೂತಿದ್ದವರು ನನ್ನ ಮುಖ ನೋಡಿ ದುಃಖ ಅಂದುಕೊಂಡು ನೀರಿನ ಬಾಟಲಿ ಕೊಟ್ಟರು. ಕುಡಿದು ಎದ್ದು ಬಂದುಬಿಟ್ಟೆ.

ಉಸ್ತಾದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಶಿವಾಜಿನಗರದವರಿಗೆ ಅಂಗಡಿಯ ಹೆಸರೂ ತಿಳಿದುಹೋಗುತ್ತದೆ. ಆ ಅಂಗಡಿಗೆ ನನ್ನಿಂದ ಪುಕ್ಕಟೆ ಪ್ರಚಾರ ಬೇರೆ ಕೇಡು.

ನಾನು ಸರ್ವಜ್ಞನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಬಂದೂಕಿನಂಗಡಿಗೂ ಗಣಿತದ ಟೀಚರಿಗೂ ಏನು ಸಂಬಂಧ ಅಂದರೆ, ನಮ್ಮಪ್ಪ. ಕೆ.ಆರ್. ಪುರದಾಚೆ ಕೆರೆಯ ಕೆಳಗೆ ನಮಗೆ ಗದ್ದೆಯಿತ್ತು. ಕಾಡುಹಂದಿ ಬೆದರಿಸಲೆಂದು ಅಪ್ಪ ಲೈಸೆನ್ಸು ಮಾಡಿಸಿ ಒಂದು ಹಳೆಯ ರೈಫಲ್ ತಗೊಂಡಿದ್ದರು. ಪಾಯಿಂಟ್ ಟೂ ಟೂ, ಸೆಮಿ ಆಟೊಮ್ಯಾಟಿಕ್. ಪ್ರತಿ ಗುಂಡಿಗೂ ಟ್ರಿಗರ್ ಎಳೆಯಲೇಬೇಕು, ಆದರೆ ಒಂದು ಹೋದಮೇಲೆ ಮುಂದಿನದು ತಾನಾಗಿಯೇ ಬಂದು ಕೂರುತ್ತದೆ. ಗದ್ದೆಯೆಲ್ಲ ಸೈಟುಗಳಾದ ಮೇಲೆ ಹಂದಿಗಳೂ ಹೋದವು, ಅಪ್ಪನ ಕೆಲಸವೂ ಹೋಯಿತು, ಬಂದೂಕು ಮಾತ್ರ ಉಳಿಯಿತು. ವರ್ಷಕ್ಕೊಮ್ಮೆ ಅದನ್ನು ಉಸ್ತಾದರ ಹತ್ತಿರ ತೋರಿಸುವುದು ಅಪ್ಪನಿಗೆ ಒಂದು ವ್ರತ. ಅಪ್ಪನ ಕಣ್ಣು ಮಂಜಾದ ಮೇಲೆ ಜೊತೆಗೆ ನಾನೂ ಹೋಗುತ್ತಿದ್ದೆ.

ನಾನು ಮೊದಲ ಸಲ ಹೋದಾಗ ಉಸ್ತಾದರು ಬಂದೂಕನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಅಪ್ಪನನ್ನು ನೋಡಿದರು.

"ಗೌಡ್ರೇ, ಮತ್ತೆ ಕೊಬ್ರಿ ಎಣ್ಣೆ ಹಚ್ಚಿದ್ರಾ?"

"ಸ್ವಲ್ಪ ಹಚ್ದೆ ಕಣಯ್ಯಾ. ಮನೇಲಿ ಅದೇ ಇತ್ತು."

"ತಲೆಗೆ ಹಚ್ಚೋದು ತಲೆಗೆ ಹಚ್ಚಿ. ಚಳಿಗಾಲದಲ್ಲಿ ಒಳಗೆ ಹೆಪ್ಪು ಕಟ್ಟುತ್ತೆ. ನಾನೇನು ಬಂದೂಕು ರಿಪೇರಿ ಮಾಡ್ಲಾ, ಚಟ್ನಿ ಮಾಡ್ಲಾ?"

ನಮ್ಮಪ್ಪನಿಗೆ ಹೀಗೆ ಬೈಯುವ ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇರಲಿಲ್ಲ. ಅಪ್ಪ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಮಾರನೇ ವರ್ಷವೂ ಕೊಬ್ಬರಿ ಎಣ್ಣೆಯನ್ನೇ ಹಚ್ಚಿದರು. ಬೈಸಿಕೊಳ್ಳಲಿಕ್ಕೇ ಹಚ್ಚುತ್ತಿದ್ದರೋ ಏನೋ ಎಂದು ನನಗೆ ಈಗಲೂ ಅನುಮಾನ.

ಉಸ್ತಾದರು ಕುಳ್ಳಗಿದ್ದರು. ಅರ ಹಾಕಿ ಹಾಕಿ ಬಲಭುಜ ಎಡಕ್ಕಿಂತ ಕೆಳಗಿಳಿದಿತ್ತು. ಅಂಗಡಿಯ ಹಿಂಭಾಗದ ಅವರ ಬೆಂಚಿನ ಹತ್ತಿರ ಹೋಗಬೇಕಾದರೆ ಚಪ್ಪಲಿ ಹೊರಗೇ ಬಿಡಬೇಕು, ಟೀ ಲೋಟ ತರಕೂಡದು, ಬಂದೂಕಿನ ಬಾಯಿ ಗೋಡೆಯ ಕಡೆಗೇ ಇರಬೇಕು. ಒಬ್ಬ ದೊಡ್ಡ ಪೊಲೀಸ್ ಅಧಿಕಾರಿ ಖಾಲಿ ಪಿಸ್ತೂಲನ್ನು ತಮಾಷೆಗೆ ಆಚೀಚೆ ತಿರುಗಿಸಿದಾಗ ಉಸ್ತಾದರು ಅವರ ಕೈಮೇಲೆ ಫಟಾರನೆ ಒಂದು ಬಿಟ್ಟಿದ್ದರಂತೆ. "ಖಾಲಿ ಅಂತ ಎಲ್ರೂ ಹೇಳ್ತಾರೆ ಸಾಬ್. ಆಸ್ಪತ್ರೇಲಿರೋರೂ ಅದನ್ನೇ ಹೇಳ್ತಾರೆ" ಅಂದರಂತೆ. ಅಧಿಕಾರಿ ಪಿಸ್ತೂಲನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರಂತೆ. ಇದನ್ನು ನನಗೆ ಹೇಳಿದ್ದು ಅದೇ ಮಾಲೀಕರು, ಆಗೆಲ್ಲ ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು.

ಈಗ ಪಿನ್ನಿನ ವಿಷಯಕ್ಕೆ ಬರುತ್ತೇನೆ. ಬಂದೂಕಿನ ನಡುವೆ ರಿಸೀವರ್ ಎಂಬ ಒಂದು ಕಬ್ಬಿಣದ ಮೈ ಇರುತ್ತದೆ. ಯಂತ್ರವೆಲ್ಲ ಅದರ ಹೊಟ್ಟೆಯಲ್ಲಿ. ನಮ್ಮಪ್ಪನ ರೈಫಲಿನಲ್ಲಿ ಅದು ಮೇಲೊಂದು ಕೆಳಗೊಂದು ಭಾಗ. ಎರಡನ್ನೂ ಹಿಡಿದಿಡುವುದು ಅಡ್ಡಲಾಗಿ ಹಾಯ್ದ ಒಂದು ಪಿನ್ನು. ಕಂಪನಿಯವರು ಮೊದಮೊದಲು ಮಾಡಿದ ರೈಫಲ್‌ಗಳಲ್ಲಿ ಈ ಪಿನ್ನು ಸಪೂರ, ಎರಡೂ ತುದಿ ನುಣುಪು. ಆಮೇಲೆ ಯಾರಿಗೂ ಹೇಳದೆ ಕೇಳದೆ ಅದನ್ನು ದಪ್ಪ ಮಾಡಿ, ಒಂದು ತುದಿಗೆ ಸ್ಕ್ರೂ ತಲೆ ಕೂರಿಸಿದರು. ಬಂದೂಕಿನ ಹೆಸರು ಅದೇ, ಆಕಾರ ಅದೇ. ಬದಲಾದದ್ದು ಪಿನ್ನು ಮತ್ತು ಅದರ ತೂತು, ಅಷ್ಟೇ. ಇದು ಯಾವ ಪುಸ್ತಕದಲ್ಲಿದೆಯೋ ನಾನರಿಯೆ. ಉಸ್ತಾದರ ಕೈಗೆ ಗೊತ್ತಿತ್ತು.

ಮಾಲೀಕರಿಗೂ ಗೊತ್ತಿತ್ತು. ಹೇಗೆ ಅನ್ನುವುದನ್ನು ಹೇಳಲೇಬೇಕು. ಒಂದು ಚುನಾವಣೆಯ ಸಮಯ. ಚುನಾವಣೆ ಬಂತೆಂದರೆ ಲೈಸೆನ್ಸುದಾರರೆಲ್ಲ ಬಂದೂಕುಗಳನ್ನು ಠಾಣೆಗೋ ಇಂಥ ಅಂಗಡಿಗೋ ತಂದು ಒಪ್ಪಿಸಬೇಕು. ಅಂಗಡಿಯ ತುಂಬ ಬಂದೂಕು, ಒಂದೊಂದಕ್ಕೂ ಒಂದೊಂದು ಚೀಟಿ. ಉಸ್ತಾದರು ಜ್ವರ ಬಂದು ಮಲಗಿದ್ದಾಗ ಮಾಲೀಕರು, ತಮಗೂ ಬರುತ್ತದೆ ಎಂದು ತೋರಿಸಲು, ನಮ್ಮಪ್ಪನ ರೈಫಲನ್ನೂ ಹೊಸ ತಿಪ್ಪಸಂದ್ರದ ಒಬ್ಬರ ರೈಫಲನ್ನೂ ಒಟ್ಟಿಗೆ ಬಿಚ್ಚಿ ಒರೆಸಿದರು. ಜೋಡಿಸುವಾಗ ಪಿನ್ನು ಅದಲುಬದಲು. ತಿಪ್ಪಸಂದ್ರದವರ ಬಂದೂಕಿನ ದೊಡ್ಡ ತೂತಿನಲ್ಲಿ ನಮ್ಮ ಸಪೂರ ಪಿನ್ನು ಗಡಗಡ ಅನ್ನುತ್ತಿದೆ. ಅವರ ದಪ್ಪ ಪಿನ್ನು ನಮ್ಮದರಲ್ಲಿ ಹೋಗುವುದೇ ಇಲ್ಲ. ಮಹಾಶಯರು ಏನು ಮಾಡಿದ್ದರು ಗೊತ್ತೆ? ನಮ್ಮಪ್ಪನ ಬಂದೂಕಿಗೆ ದಾರ ಸುತ್ತಿಟ್ಟಿದ್ದರು, ಹೂವಿನ ಪೊಟ್ಟಣಕ್ಕೆ ಸುತ್ತುವ ಹಾಗೆ!

ಅಪ್ಪನೂ ನಾನೂ ವಾಪಸ್ ತರಲು ಹೋದ ದಿನವೇ ಇದು ಬಯಲಾಯಿತು. ಉಸ್ತಾದರು ಕಣ್ಣು ಮುಚ್ಚಿ ಎರಡು ಬಂದೂಕಿನ ಮೇಲೂ ಹೆಬ್ಬೆರಳು ಆಡಿಸಿ, "ಇದರ ಪಿನ್ನು ಅದರ ಹೊಟ್ಟೇಲಿದೆ" ಅಂದರು. ಪಿನ್ನುಗಳನ್ನು ಅದರದರ ಜಾಗಕ್ಕೆ ಸೇರಿಸಿದ ಮೇಲೆ ನನ್ನ ಹೆಬ್ಬೆರಳನ್ನೂ ನಮ್ಮ ಬಂದೂಕಿನ ಮೇಲೆ ಇರಿಸಿದರು. "ನೋಡಿ ಟೀಚರಮ್ಮ. ಹಳೇ ಪಿನ್ನು ಹುಟ್ಟಿದಾಗಿಂದ ಅದೇ ತೂತಲ್ಲಿ ಇದ್ರೆ ಎರಡೂ ಒಟ್ಟಿಗೆ ಸವೀತವೆ, ಗಂಡ ಹೆಂಡ್ತಿ ಥರ. ತೂತಿನ ಅಂಚಲ್ಲಿ ಕಂಪನಿ ಕಪ್ಪು ಬಣ್ಣ ಹಂಗೇ ಇದೆ ನೋಡಿ. ಯಾರಾದ್ರೂ ಕೈ ಹಾಕಿದ್ರೆ ಅಲ್ಲಿ ಬಿಳೀ ಕಬ್ಬಿಣ ಕಾಣುತ್ತೆ. ನಿಮ್ಮಪ್ಪಂದು ಒರಿಜಿನಲ್. ತೂತನ್ನ ಯಾರೂ ಮುಟ್ಟಿಲ್ಲ." ಮಾಲೀಕರು ಕಿವಿ ಕೆಂಪು ಮಾಡಿಕೊಂಡು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಬಂದೂಕನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದೆ. ನನಗೇಕೆ ಬಂದೂಕು ಎಂದು ಎಲ್ಲರೂ ಕೇಳಿದರು. ಅಪ್ಪ ತನ್ನ ಕೈಯಾರೆ ಒರೆಸಿ ಇಟ್ಟುಕೊಂಡಿದ್ದ ವಸ್ತು ಅದೊಂದೇ, ಅದಕ್ಕೆ. ಸಾಲದೇ ಕಾರಣ?

ಬಂದೂಕಿನ ಪರಿಶೀಲನೆಗೆಂದು ಲೈಸೆನ್ಸು ಕಚೇರಿಯಲ್ಲಿ ಒಬ್ಬ ಸಾಹೇಬರು ಕುಳಿತಿದ್ದರು. ಮೊಬೈಲಿನಲ್ಲಿ ಅದೇ ಹೆಸರಿನ ರೈಫಲಿನ ಚಿತ್ರ ತೆಗೆದರು, ದೊಡ್ಡದು ಮಾಡಿದರು, ನಮ್ಮದರ ಪಕ್ಕದಲ್ಲಿ ಹಿಡಿದರು.

"ಮೇಡಂ, ಫೋಟೋದಲ್ಲಿ ಇಲ್ಲೊಂದು ಸ್ಕ್ರೂ ಇದೆ. ನಿಮ್ದ್ರಲ್ಲಿ ಇಲ್ಲ."

"ನಮ್ಮದು ಹಳೇದು ಸರ್. ಮೊದಲು ಹೀಗೇ ಬರ್ತಿತ್ತಂತೆ."

"ಅಂತೆ ಕಂತೆ ಬೇಡ. ರಿಸೀವರ್ ಬದಲಾಯಿಸಿದಾರೆ. ಟ್ಯಾಂಪರಿಂಗ್. ನಿಮ್ಮ ತಂದೆಯವರು ಏನೋ ಮಾಡಿಸಿದಾರೆ. ರಿಪೋರ್ಟ್ ಬರೆದ್ರೆ ಕೇಸಾಗುತ್ತೆ. ಟೀಚರ್ ಅಂತೀರಾ, ಯೋಚ್ನೆ ಮಾಡಿ."

ತನ್ನ ಕೈಗೆ ಐದು ರೂಪಾಯಿ ಹೆಚ್ಚು ಬಂದರೆ ವಾಪಸ್ ಕೊಡಲು ಬಸ್ಸು ಹತ್ತಿ ಹೋಗುತ್ತಿದ್ದ ಮನುಷ್ಯ ನಮ್ಮಪ್ಪ. ಸತ್ತು ವರ್ಷ ತುಂಬುವ ಮೊದಲೇ ಅವರು ಕಳ್ಳಬಂದೂಕಿನವರಾಗಿಬಿಟ್ಟರು, ಒಂದು ಫೋಟೋದಿಂದ. ಶಿವಾಜಿನಗರಕ್ಕೆ ಆಟೋ ಹಿಡಿದೆ.

ಮಾರನೇ ದಿನ ಉಸ್ತಾದರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಬಂದರು. ಮಾಲೀಕರೂ ಬಂದರು. ಉಸ್ತಾದರು ರಾತ್ರಿಯೇ ಕೂತು ಒಂದು ಪುಟ ಕನ್ನಡದಲ್ಲಿ ಬರೆದು ತಂದಿದ್ದರು. ಎಂಥ ಕನ್ನಡ! ಅಕ್ಷರ ಒಂದೊಂದೂ ಅರ ಹಾಕಿದ ಹಾಗಿತ್ತು. ಹಳೆಯ ಪಿನ್ನು ಹೇಗಿರುತ್ತದೆ, ಹೊಸದು ಹೇಗಿರುತ್ತದೆ, ಈ ಬಂದೂಕು ಏಕೆ ಮೊದಲಿನದು, ಕೆಳಗೆ ರುಜು. ಸಾಹೇಬರು ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

"ನಿಮ್ದು ಏನು ಕ್ವಾಲಿಫಿಕೇಷನ್?"

"ಏಳನೇ ಕ್ಲಾಸು ಸಾಬ್."

"ಏಳನೇ ಕ್ಲಾಸಿನವರು ಬರೆದಿದ್ದನ್ನ ನಾನು ಫೈಲಿಗೆ ಹಾಕ್ಲಾ? ತಗೊಂಡ್ಹೋಗಿ."

"ಒಂದ್ ಸಲ ಹೆಬ್ಬೆರಳು ಇಟ್ಟು ನೋಡಿ ಸಾಬ್. ಅಂಚಲ್ಲಿ ಬಣ್ಣ ಹಂಗೇ..."

"ತಗೊಂಡ್ಹೋಗಿ ಅಂದೆ."

ಉಸ್ತಾದರು ಮಾಲೀಕರ ಕಡೆ ನೋಡಿದರು. ನಾನೂ ನೋಡಿದೆ. ಆ ಮನುಷ್ಯ ಒಂದೇ ಒಂದು ಮಾತು, "ಹೌದು ಸರ್, ಎರಡು ಥರ ಇದೆ, ನಾನೇ ಕಂಡಿದ್ದೀನಿ" ಎಂದಿದ್ದರೆ ಸಾಕಿತ್ತು. ದೊಡ್ಡ ಅಂಗಡಿಯವರು, ಅವರ ಮಾತಿಗೆ ಬೆಲೆಯಿತ್ತು. ಅವರು ತಲೆಯೆತ್ತಿ ಫ್ಯಾನು ನೋಡುತ್ತಿದ್ದರು. ಅಂಗಡಿಯ ಲೈಸೆನ್ಸ್ ನವೀಕರಣವೂ ಅದೇ ಕಚೇರಿಯಲ್ಲಿತ್ತಲ್ಲ, ಸಾಹೇಬರಿಗೆ ಎದುರಾಡಲು ಅವರಿಗೇನು ಹುಚ್ಚೆ? ಉಸ್ತಾದರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡರು.

ಅಂಗಡಿಗೆ ಬಂದಮೇಲೆ ಮಾಲೀಕರಿಗೆ ಬಾಯಿ ಬಂತು. "ಮೇಡಂ, ಹಾವೂ ಸಾಯ್ಬೇಕು ಕೋಲೂ ಮುರೀಬಾರದು. ಸಾಹೇಬ್ರಿಗೆ ಸ್ಕ್ರೂ ಕಾಣ್ಬೇಕು ತಾನೆ? ನನ್ ಹತ್ರ ಹೊಸ ಮಾದರಿ ಪಿನ್ನಿದೆ. ತೂತು ಒಂಚೂರು ದೊಡ್ಡದು ಮಾಡಿ ಅದನ್ನ ಕೂರಿಸಿಬಿಡೋಣ. ಫೋಟೋ ಥರಾನೇ ಆಗುತ್ತೆ. ಕೇಸೂ ಇಲ್ಲ, ಗೀಸೂ ಇಲ್ಲ."

ಗಮನಿಸಿದಿರಾ? ಯಾರೂ ಕೈ ಹಾಕದ ಬಂದೂಕಿಗೆ ಕೈ ಹಾಕಿ, ಯಾರೂ ಕೈ ಹಾಕಿಲ್ಲ ಎಂದು ಸರ್ಟಿಫಿಕೇಟು ತಗೊಳ್ಳುವುದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಜ್ವರವೇ ಇರಲಿಲ್ಲ, ಬರೆ ಮಾತ್ರ ಸಿದ್ಧವಾಗಿತ್ತು.

"ಉಸ್ತಾದ್, ಇವತ್ತೇ ಮುಗಿಸಿಬಿಡಿ" ಅಂದರು ಮಾಲೀಕರು.

"ನಕ್ಕೋ" ಅಂದರು ಉಸ್ತಾದರು. ಬೇಡ ಅನ್ನಲು ಅವರ ಮನೆಮಾತಿನಲ್ಲಿ ಅಷ್ಟೇ. ಅಂಗಡಿಯಲ್ಲಿ ಅವರು ಯಾವಾಗಲೂ ಕನ್ನಡವೇ ಆಡುವವರು.

"ಏನ್ ನಕ್ಕೋ? ಗಿರಾಕಿ ಒಪ್ಪಿದ್ರೆ ನಿಮಗೇನು?"

"ಈಗ ಈ ಬಂದೂಕು ನಿಜ ಹೇಳ್ತಿದೆ. ನಾನು ಕೊರೆದ್ರೆ ಅದು ಸಾಯೋವರ್ಗೂ ಸುಳ್ಳು ಹೇಳುತ್ತೆ. ಗೌಡ್ರು ಮೇಲಿಂದ ನೋಡ್ತಿರ್ತಾರೆ. ನನ್ ಕೈಲಿ ಆಗಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಟೀಚರಮ್ಮ, ಇನ್ನೊಂದು ಅರ್ಜಿ ಹಾಕಿ. ಮೇಲಿನೋರಿಗೆ ಹಾಕಿ. ನಾನು ಎಲ್ಲಿಗೆ ಬೇಕಾದ್ರೂ ಬಂದು ಹೇಳ್ತೀನಿ. ಎಷ್ಟು ಸಲ ಬೇಕಾದ್ರೂ ಬರ್ತೀನಿ" ಅಂದರು.

ಇಲ್ಲಿಯವರೆಗೆ ನಾನು ಊರವರನ್ನೆಲ್ಲ ಬೈದದ್ದಾಯಿತು. ಈಗ ನನ್ನ ಸರದಿ. ನನಗೆ ಕೇಸಿನ ಹೆದರಿಕೆ. ಶಾಲೆಯಲ್ಲಿ ಗೊತ್ತಾದರೆ? ಪೇಪರಿನಲ್ಲಿ ಬಂದರೆ? ಅದಲ್ಲದೆ ಪರೀಕ್ಷೆ ಹತ್ತಿರವಿತ್ತು, ರಜೆ ಉಳಿದಿರಲಿಲ್ಲ, ಸಾಕಾಗಿಹೋಗಿತ್ತು. ಇನ್ನೂ ಒಂದು ನಿಜ ಹೇಳುತ್ತೇನೆ. ಲೆಕ್ಕ ಸರಿಯಿದ್ದರೂ ಗೈಡಿನಲ್ಲಿರುವ ಹಾಗೆ ಬಿಡಿಸಿಲ್ಲವೆಂದು ಮಕ್ಕಳ ಅಂಕ ಕಳೆದವಳೇ ನಾನೂ. ಫೋಟೋದ ಹಾಗಿರಬೇಕು ಅನ್ನುವ ಸಾಹೇಬರ ಮಾತು ನನಗೆ ಅನ್ಯಾಯ ಅನ್ನಿಸಿತೇ ಹೊರತು ವಿಚಿತ್ರ ಅನ್ನಿಸಲಿಲ್ಲ. ಮಾಲೀಕರು ಒಪ್ಪಿಗೆಯ ಕಾಗದ ಮುಂದಿಟ್ಟರು. ಉಸ್ತಾದರ ಎದುರಿಗೇ ರುಜು ಹಾಕಿದೆ.

ಉಸ್ತಾದರು ಬೆಂಚು ಒರೆಸಿದರು, ಅರಗಳನ್ನು ಬಟ್ಟೆಯಲ್ಲಿ ಸುತ್ತಿದರು. "ನಾಳೆಯಿಂದ ಬರಬೇಡಿ" ಎಂದು ಮಾಲೀಕರು ಹೇಳಿದ್ದು ಆಗಲೇ. ಪಿನ್ನನ್ನು ಬೇರೆ ಯಾರದೋ ಕೈಯಲ್ಲಿ ಹಾಕಿಸಿದರು. ಹದಿನೈದು ದಿನಕ್ಕೆ ಸರ್ಟಿಫಿಕೇಟು ಬಂತು: ಬಂದೂಕು ಮೂಲ ಸ್ಥಿತಿಯಲ್ಲಿದೆ. ಮುದ್ರೆಯೂ ಇತ್ತು. ಬಂದೂಕಿನ ಮೇಲೆ ಹೆಬ್ಬೆರಳು ಇಟ್ಟರೆ ತೂತಿನ ಅಂಚು ಚುಚ್ಚುತ್ತದೆ. ಬಿಳೀ ಕಬ್ಬಿಣ ಕಾಣಬಾರದೆಂದು ಅಲ್ಲಿಗೆ ಎಂಥದೋ ಕಪ್ಪು ಬಳಿದಿದ್ದರು.

ಉಸ್ತಾದರನ್ನು ಮತ್ತೆ ನೋಡಿದ್ದು ಮರ್ಫಿ ಟೌನಿನಲ್ಲಿ, ಅವರ ಮಗಳ ಮನೆಯ ಮುಂದೆ. ಕುಕ್ಕರಿನ ಹಿಡಿ, ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು ಕೂತಿದ್ದರು. ಅಲ್ಲೂ ಗಿರಾಕಿಗಳು ಚಪ್ಪಲಿ ದೂರ ಬಿಟ್ಟೇ ನಿಂತಿದ್ದರು. ನನಗೆ ಅಳು ಬಂತು, ಕೋಪವೂ ಬಂತು. "ನೀವು ಸುಮ್ಮನೆ ಬಿಟ್ಟುಬಿಟ್ರಲ್ಲ, ಯಾರಿಗಾದರೂ ಕಂಪ್ಲೇಂಟ್ ಕೊಡಬೇಕಿತ್ತು" ಎಂದು ಅವರ ಮೇಲೆಯೇ ರೇಗಿದೆ! ನಾಲಿಗೆಗೆ ಮೂಳೆಯಿಲ್ಲ, ನೋಡಿ.

ಅವರು ಕುಕ್ಕರಿನಿಂದ ತಲೆಯೆತ್ತದೆ ಒಂದೇ ಮಾತು ಕೇಳಿದರು. "ಎಷ್ಟು ದಪ್ಪ ಕೊರೆದ್ರು?"

ಬೆರಳಿನಲ್ಲಿ ತೋರಿಸಿದೆ.

"ಅಷ್ಟಾ?" ಅಂದರು. ಕುಕ್ಕರನ್ನು ಪಕ್ಕಕ್ಕಿಟ್ಟರು. ಆಮೇಲೆ ಮಗಳನ್ನು ಕೂಗಿ ನನಗೆ ಚಹಾ ಹೇಳಿದರು. ನಿಮ್ಮದು ತಪ್ಪು ಅನ್ನಲಿಲ್ಲ, ತಪ್ಪಲ್ಲ ಅನ್ನಲೂ ಇಲ್ಲ. ನಮ್ಮಪ್ಪನನ್ನು ವರ್ಷವರ್ಷ ಬೈದವರು ನನ್ನನ್ನು ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ನಾನು ಮತ್ತೆ ಹೋಗುತ್ತಿದ್ದೆ. ಹೋಗಲಿಲ್ಲ. ಹೋದ ತಿಂಗಳು ಹೃದಯ ನಿಂತು ಹೋದರೆಂದು ಗೊತ್ತಾದದ್ದು, ಆ ಸಭೆಯ ಆಹ್ವಾನ ವಾಟ್ಸ್ಯಾಪಿನಲ್ಲಿ ಬಂದಾಗ.

ಸಭೆಯಿಂದ ಎದ್ದು ಬಂದವಳು ಒಂದು ಕಾಗದ ಬರೆದೆ. ಈ ಬಂದೂಕು ಮೊದಲು ಮೂಲ ಸ್ಥಿತಿಯಲ್ಲಿತ್ತು, ಈಗ ಇಲ್ಲ, ನೀವು ಕೊಟ್ಟ ಸರ್ಟಿಫಿಕೇಟು ತಪ್ಪು, ತಿದ್ದಿ ಎಂದು. ಸೋಮವಾರ ಶಾಲೆಗೆ ರಜೆ ಹಾಕಿ ಅದೇ ಕಚೇರಿಗೆ ಹೋದೆ. ಆ ಸಾಹೇಬರು ವರ್ಗವಾಗಿ ಹೋಗಿದ್ದರು. ಫೈಲು ನೋಡುವ ಗುಮಾಸ್ತರು ನನ್ನ ಕಾಗದವನ್ನು ಎರಡು ಸಲ ಓದಿದರು.

"ಮೇಡಂ, ಸರಿ ಇದೆ ಅಂತ ನಾವೇ ಬರೆದುಕೊಟ್ಟಿದೀವಿ. ಸರಿ ಇಲ್ಲ ಅಂತ ನೀವ್ಯಾಕೆ ಹೇಳ್ತೀರಿ? ಜನ ಉಲ್ಟಾ ಕೇಳ್ಕೊಂಡು ಬರ್ತಾರೆ."

"ಮೊದಲು ಸರಿ ಇತ್ತು. ಇಲ್ಲಿ ಕುಳಿತಿದ್ದವರು ಸರಿ ಇಲ್ಲ ಅಂದರು. ಆಮೇಲೆ ಕೆಡಿಸಿದ್ದು."

"ಅದನ್ನ ಗೊತ್ತಿರೋರು ಹೇಳ್ಬೇಕಲ್ಲ ಮೇಡಂ?"

"ಗೊತ್ತಿದ್ದವರೇ ಹೇಳಿದರು. ಶಿವಾಜಿನಗರದ ಉಸ್ತಾದರು."

ಗುಮಾಸ್ತರ ಮುಖ ಅರಳಿತು. "ಓ, ಉಸ್ತಾದಾ! ಅವ್ರು ಹೇಳಿದ್ರೆ ಮಾತೇ ಇಲ್ಲ ಬಿಡಿ. ಬಂದೂಕಿನ ವಿಷ್ಯದಲ್ಲಿ ಅವ್ರನ್ನ ಮೀರಿಸೋರಿಲ್ಲ. ಒಂದು ಕೆಲ್ಸ ಮಾಡಿ, ಅವ್ರ ಕೈಲಿ ಒಂದು ಲೆಟರ್ ಬರೆಸ್ಕೊಂಡು ಬಂದ್ಬಿಡಿ."

ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಲ್ಲದಿದ್ದರೆ ಆ ಮನುಷ್ಯನಿಗೆ ಏನಾದರೂ ಅಂದುಬಿಡುತ್ತಿದ್ದೆ. ಪಾಪ, ಅವರ ತಪ್ಪೇನಿತ್ತು?

"ಅವರು ತೀರಿಕೊಂಡರು" ಎಂದೆ. "ಬದುಕಿದ್ದಾಗ ಬರೆದು ತಂದಿದ್ದರು. ಇಲ್ಲಿ ಯಾರೂ ಕೈಯಲ್ಲಿ ಮುಟ್ಟಲಿಲ್ಲ."

"ಅಯ್ಯೋ. ಹಂಗಾದ್ರೆ ಬಿಡಿ ಮೇಡಂ. ಇನ್ಯಾರಿದಾರೆ ಹೇಳೋಕೆ?"

"ನಾನಿದ್ದೀನಿ. ಕೊರೆಯೋಕೆ ಒಪ್ಪಿ ರುಜು ಹಾಕಿದವಳು ನಾನೇ. ಬೇಡ ಅಂದವರು ಅವರೊಬ್ಬರೇ. ಹಾಗೇ ಬರ್ಕೊಳ್ಳಿ."

ಅವರು ಪೆನ್ನು ಕೆಳಗಿಟ್ಟು ದನಿ ತಗ್ಗಿಸಿದರು. "ಮೇಡಂ, ಹಂಗೆ ಬರೆದ್ರೆ ಕೇಸು ನಿಮ್ ಮೇಲೇ ಆಗುತ್ತೆ. ಬಂದೂಕೂ ಹೋಗುತ್ತೆ. ಕೆಲ್ಸಕ್ಕೂ ತೊಂದ್ರೆ. ಸತ್ತೋರಿಗೋಸ್ಕರ ಯಾಕೆ?"

"ಆಗಲಿ. ಮೊದಲು ನಮ್ಮಪ್ಪ ಏನೂ ಮಾಡಿಸಿರಲಿಲ್ಲ ಅಂತ ಬರೀರಿ. ಅದರ ಕೆಳಗೆ ಉಸ್ತಾದರು ಹೇಳಿದ್ದು ಸರಿ ಅಂತ ಬರೀರಿ. ಅದರ ಕೆಳಗೆ ನನ್ನ ಹೆಸರು."

ಅವರು ಇನ್ನೊಂದು ಸಲ ನನ್ನನ್ನು ನೋಡಿದರು. ಆಮೇಲೆ ಪೆನ್ನು ಎತ್ತಿಕೊಂಡು, "ಹೇಳಿ, ಪೂರ್ತಿ ಹೆಸರು" ಅಂದರು.

ಹೇಳಿದೆ.